ತರಗೆಲೆಯಡಿಯ ಬೇಟೆಗಾರ ನುಸಿಗಳು

ನುಸಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ರೈತರು ಹುಬ್ಬು ಗಂಟಿಕ್ಕುತ್ತಾರೆ. ಅದಕ್ಕೆ ಕಾರಣವೂ ಇದೆ. ಬದನೆ, ಬೆಂಡೆ, ಗುಲಾಬಿ ಗಿಡಗಳ ಎಲೆಯಡಿಯಲ್ಲಿ ನವಿರಾದ ಬಲೆ ಹೆಣೆದು ರಸ ಹೀರುವ ಕೆಂಪು ನುಸಿ, ಮೆಣಸಿನಕಾಯಿ ಗಿಡದ ಎಲೆಯನ್ನು ಕೆಳಮುಖವಾಗಿ ಮುದುಡಿಸುವ ಹಳದಿ ನುಸಿ, 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಅನಂತರ ನಮ್ಮ ತೆಂಗಿನ ತೋಟಗಳಿಗೂ ಹಬ್ಬಿದ ತೆಂಗಿನಕಾಯಿ ನುಸಿ, ಇವೆಲ್ಲ ಬೆಳೆಗಾರರನ್ನು ಗೋಳಾಡಿಸಿದ ಪೀಡೆಗಳೇ. ಆದರೆ ನುಸಿಗಳೆಲ್ಲ ಬೆಳೆಯ ಶತ್ರುಗಳಲ್ಲ. ನಾವು ತುಳಿದು ನಡೆಯುವ ತರಗೆಲೆಯ ಅಡಿಯಲ್ಲಿ, ಮಣ್ಣಿನ ಮೇಲ್ಪದರದಲ್ಲಿ, ಗೊಬ್ಬರದ ಗುಂಡಿಯಲ್ಲಿ ಹಗಲಿರುಳೂ ಬೇಟೆಯಾಡುತ್ತಾ ಬೆಳೆಯ ಪೀಡೆಗಳನ್ನು ತಿಂದು ಬದುಕುವ ನುಸಿಗಳೂ ಇವೆ. ಇವನ್ನು ಪರಭಕ್ಷಕ ನುಸಿಗಳು ಎಂದು ಕರೆಯುತ್ತೇವೆ.

ಈ ಲೇಖನದಲ್ಲಿ ಅಂಥ ಒಂದು ಕುಲವನ್ನು, ಅಂದರೆ ಸ್ಟ್ರಾಟಿಯೋಲೆಲಾಪ್ಸ್ ಎಂಬ ಕುಲವನ್ನು, ಮುಖ್ಯವಾಗಿ ಪರಿಚಯಿಸಲಾಗಿದೆ. ಹೆಸರು ನಾಲಿಗೆಗೆ ಕಷ್ಟ. ಆದರೆ ಅದರ ಕೆಲಸ ತಿಳಿದುಕೊಳ್ಳುವುದು ಸುಲಭ. ಅದನ್ನು ತಿಳಿದ ಮೇಲೆ, ತರಗೆಲೆಗೆ ಬೆಂಕಿಯಿಡಲು ಕಡ್ಡಿ ಗೀರುವ ಮುನ್ನ ಯಾವ ರೈತನೂ ಒಮ್ಮೆ ಯೋಚಿಸುವನೆಂಬುದು ನನ್ನ ನಂಬಿಕೆ.

ನಾನು ಕಲಿತ ಪಾಠ

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ತರಕಾರಿ ಸಸಿಗಳನ್ನು ಬೆಳೆಸಿ ಮಾರುವ ರೈತರೊಬ್ಬರ ನರ್ಸರಿಗೆ ಹೋಗಿದ್ದೆ. ಪ್ರೋಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ದಪ್ಪ ಮೆಣಸಿನಕಾಯಿ ಸಸಿ ಎಬ್ಬಿಸಿದ್ದರು. ಸಸಿಗಳು ಒಂದೊಂದಾಗಿ ಬಾಡುತ್ತಿದ್ದವು. ತಟ್ಟೆಯನ್ನು ಅಲುಗಾಡಿಸಿದರೆ ಸೊಳ್ಳೆಯಂಥ ಕಪ್ಪು ಸಣ್ಣ ನೊಣಗಳು ಏಳುತ್ತಿದ್ದವು. ಸಸಿಯನ್ನು ಕಿತ್ತು ನೋಡಿದರೆ ಬೇರಿನ ತುದಿ ಸವೆದು, ಪಕ್ಕದಲ್ಲೇ ಕಪ್ಪು ತಲೆಯ ಬಿಳಿ ಮರಿಹುಳುಗಳು ಕಾಣುತ್ತಿದ್ದವು. ಅದು ಅಣಬೆ ನೊಣದ ಹಾವಳಿ. ನಾನು ಬೇಸಾಯ ಶಾಸ್ತ್ರ ಓದಿದವನು. ಕೀಟವೆಂದರೆ ಕೀಟನಾಶಕ ಎಂಬ ಸುಲಭದ ಲೆಕ್ಕದಲ್ಲಿ, ವಾರಕ್ಕೊಮ್ಮೆ ಔಷಧಿಯನ್ನು ಬುಡಕ್ಕೆ ಹುಯ್ಯಿರಿ ಎಂದು ಹೇಳಿ ಬಂದೆ.

ಮೊದಲ ವಾರ ನೊಣ ಇಳಿಯಿತು. ತಿಂಗಳೊಳಗೆ ಮೊದಲಿಗಿಂತ ಹೆಚ್ಚಾಗಿ ತಿರುಗಿ ಬಂತು. ಮತ್ತೆ ಹೋದಾಗ ಅವರು ಸಿಟ್ಟಾಗಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. "ಸ್ವಾಮಿ, ನೀವ್ ಹೇಳ್ದಂಗೇ ಹುಯ್ದಿದ್ದೀನಿ, ಒಂದ್ ವಾರಾನೂ ತಪ್ಪಿಸಿಲ್ಲ. ಮುಂಗಡ ಕೊಟ್ಟೋರು ಸಸಿ ಕೇಳ್ತಾವ್ರೆ, ಏನ್ ಹೇಳ್ಲಿ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ನುಸಿಗಳನ್ನು ಅಭ್ಯಾಸ ಮಾಡುವ ಸಹೋದ್ಯೋಗಿಯೊಬ್ಬರಿಗೆ ಆ ತಟ್ಟೆಗಳ ನಾರಿನ ಪುಡಿಯನ್ನೂ, ಪಂಪ್ ಮನೆಯ ಹಿಂದೆ ಔಷಧಿ ಕಾಣದೆ ಬಿದ್ದಿದ್ದ ಹಳೆಯ ಪುಡಿಯನ್ನೂ ಬೇರೆ ಬೇರೆ ಚೀಲಗಳಲ್ಲಿ ತಂದು ಕೊಟ್ಟೆ. ಸೂಕ್ಷ್ಮದರ್ಶಕದಡಿ ನೋಡಿದಾಗ ಔಷಧಿ ಹುಯ್ದ ಪುಡಿಯಲ್ಲಿ ಮರಿಹುಳುಗಳನ್ನು ಬಿಟ್ಟರೆ ಬೇರೆ ಜೀವವೇ ಕಾಣಲಿಲ್ಲ. ಪಂಪ್ ಮನೆಯ ಹಿಂದಿನ ಪುಡಿಯಲ್ಲಿ ಕಂದು ಬಣ್ಣದ ನುಸಿಗಳು ಚುರುಕಾಗಿ ಓಡಾಡುತ್ತಿದ್ದವು. ಒಂದು ನುಸಿ ತನಗಿಂತ ಎಷ್ಟೋ ಪಟ್ಟು ಉದ್ದದ ಮರಿಹುಳುವನ್ನು ಕಚ್ಚಿ ಹಿಡಿದಿದ್ದನ್ನು ನಾನು ಕಣ್ಣಾರೆ ಕಂಡೆ. ನೊಣ ಹೊರಗಿನಿಂದ ಹಾರಿಬಂದು ಮತ್ತೆ ಮೊಟ್ಟೆಯಿಡಬಲ್ಲದು. ಆದರೆ ರೆಕ್ಕೆಯಿಲ್ಲದ ನುಸಿ ಅಷ್ಟು ಬೇಗ ಮರಳಿ ಬರಲಾರದು. ಕಳ್ಳನನ್ನು ಓಡಿಸಲು ಹೋಗಿ ಕಾವಲುಗಾರನನ್ನೇ ಕೊಂದಂತಾಗಿತ್ತು ನನ್ನ ಸಲಹೆ.

ನುಸಿ ಎಂದರೇನು?

ನುಸಿಗಳು ಕೀಟಗಳಲ್ಲ. ಜೇಡ, ಚೇಳು, ಉಣ್ಣೆಗಳ ಬಳಗಕ್ಕೆ ಸೇರಿದ ಜೀವಿಗಳು. ಕೀಟಗಳಿಗೆ ಆರು ಕಾಲು. ಬೆಳೆದ ನುಸಿಗೆ ಸಾಮಾನ್ಯವಾಗಿ ಎಂಟು ಕಾಲು. ಮೊಟ್ಟೆಯೊಡೆದು ಬಂದ ಮರಿಗೆ ಮಾತ್ರ ಆರೇ ಕಾಲುಗಳಿರುತ್ತವೆ. ನುಸಿಗೆ ರೆಕ್ಕೆಯಾಗಲಿ, ಮೀಸೆಯಾಗಲಿ ಇಲ್ಲ.

ನಮ್ಮ ಕಡೆ ಥ್ರಿಪ್ಸ್ ಕೀಟವನ್ನೂ ನುಸಿ ಎಂದೇ ಕರೆಯುವ ರೂಢಿಯಿದೆ. ಇದರಿಂದ ಔಷಧಿ ಅಂಗಡಿಯಲ್ಲಿ ಎಷ್ಟೋ ವೇಳೆ ತಪ್ಪು ಔಷಧಿ ಕೈಗೆ ಬರುತ್ತದೆ. ಥ್ರಿಪ್ಸ್ ಆರು ಕಾಲಿನ, ಜಾಲರಿಯಂಥ ಅಂಚಿನ ರೆಕ್ಕೆಯುಳ್ಳ ಕೀಟ. ಮೆಣಸಿನಕಾಯಿಯಲ್ಲಿ ಥ್ರಿಪ್ಸ್ ತಗುಲಿದರೆ ಎಲೆ ಮೇಲ್ಮುಖವಾಗಿ ಮುದುಡುತ್ತದೆ. ನುಸಿ ತಗುಲಿದರೆ ಕೆಳಮುಖವಾಗಿ ಮುದುಡುತ್ತದೆ. ಈ ಲೇಖನದಲ್ಲಿ ನುಸಿ ಎಂದರೆ ಎಂಟು ಕಾಲಿನ ನಿಜವಾದ ನುಸಿ ಎಂದೇ ತಿಳಿಯಬೇಕು.

ನುಸಿಗಳ ಅಭ್ಯಾಸದಲ್ಲಿ ಬೆಂಗಳೂರಿಗೆ ದೊಡ್ಡ ಹೆಸರಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಜಿ.ಪಿ. ಚನ್ನಬಸವಣ್ಣನವರು ಈ ಶಾಸ್ತ್ರವನ್ನು ಬೆಳೆಸಿದರು. 1986ರ ಆಗಸ್ಟ್ ತಿಂಗಳಲ್ಲಿ ಏಳನೆಯ ಅಂತರರಾಷ್ಟ್ರೀಯ ನುಸಿಶಾಸ್ತ್ರ ಸಮ್ಮೇಳನ ಬೆಂಗಳೂರಿನಲ್ಲಿಯೇ ನಡೆಯಿತು.

ತರಗೆಲೆ ಒಂದು ಊರಿದ್ದಂತೆ

ತೋಟದ ಮೂಲೆಯಲ್ಲಿ ವರ್ಷಗಟ್ಟಲೆ ಕದಡದೆ ಬಿದ್ದ ತರಗನ್ನು ಮೆಲ್ಲಗೆ ಸರಿಸಿ ನೋಡಿ. ಮೇಲೆ ಒಣಗಿದ ಎಲೆ, ಅದರ ಕೆಳಗೆ ಅರ್ಧ ಕೊಳೆತ ಎಲೆ, ಅದಕ್ಕೂ ಕೆಳಗೆ ಕಪ್ಪಗಿನ ಮೃದುವಾದ ಪುಡಿ, ಆಮೇಲೆ ಮಣ್ಣು. ಈ ಪದರಗಳಲ್ಲಿ ಒಂದು ಊರಿನಷ್ಟೇ ವ್ಯವಸ್ಥೆಯಿದೆ.

ಎಲೆಯನ್ನು ಮೊದಲು ಮುರಿಯುವವರು ಎರೆಹುಳು, ಸಹಸ್ರಪದಿ, ಗೆದ್ದಲು. ಚೂರಾದ ಎಲೆಯ ಮೇಲೆ ಬೂಷ್ಟು ಬೆಳೆಯುತ್ತದೆ. ಬೂಷ್ಟನ್ನು ಮೇಯುವವು ಬಾಲದ ಕೊಕ್ಕೆಯಿಂದ ಚಿಮ್ಮುವ ಸ್ಪ್ರಿಂಗ್‌ಟೇಲ್‌ಗಳು ಮತ್ತು ಮಣಿಯಂತೆ ಗಟ್ಟಿ ಚಿಪ್ಪಿನ ಒರಿಬಾಟಿಡ್ ನುಸಿಗಳು. ಜೊತೆಗೆ ಕಣ್ಣಿಗೆ ಕಾಣದ ಜಂತುಹುಳುಗಳು. ಇವುಗಳನ್ನೆಲ್ಲ ತಿಂದು ಬದುಕುವವು ಪರಭಕ್ಷಕ ನುಸಿಗಳು.

ಪೀಡೆ ಇಲ್ಲದ ಕಾಲದಲ್ಲಿಯೂ ಈ ಬೇಟೆಗಾರನಿಗೆ ಊಟ ಬೇಕು. ಆ ಊಟವನ್ನು ಒದಗಿಸುವವು ಬೆಳೆಗೆ ಹೆಚ್ಚಿನ ಹಾನಿ ಮಾಡದ ಸ್ಪ್ರಿಂಗ್‌ಟೇಲ್ ಮತ್ತು ಜಂತುಹುಳುಗಳು. ಅವು ಬದುಕಲು ತರಗು ಬೇಕು. ತರಗು ಹೋದರೆ ಬೂಷ್ಟು ಹೋಯಿತು, ಬೂಷ್ಟು ಹೋದರೆ ಅದನ್ನು ಮೇಯುವ ಜೀವಿ ಹೋಯಿತು, ಅದು ಹೋದರೆ ಬೇಟೆಗಾರನೂ ಹೋದ. ಪೀಡೆ ಮಾತ್ರ ಬೆಳೆಯನ್ನು ಹುಡುಕಿಕೊಂಡು ಹೊರಗಿನಿಂದ ಬರುತ್ತದೆ. ಆಗ ಹೊಲದಲ್ಲಿ ಕಾವಲಿರುವುದಿಲ್ಲ.

ಸ್ಟ್ರಾಟಿಯೋಲೆಲಾಪ್ಸ್ ನುಸಿಯ ಪರಿಚಯ

ಈ ಕುಲಕ್ಕೆ ಹೆಸರಿಟ್ಟವರು ಇಟಲಿಯ ವಿಜ್ಞಾನಿ ಆಂಟೋನಿಯೋ ಬೆರ್ಲೀಸ್, 1916ರಲ್ಲಿ. ಈ ಕುಲದ ಸ್ಟ್ರಾಟಿಯೋಲೆಲಾಪ್ಸ್ ಮೈಲ್ಸ್ ಎಂಬ ಪ್ರಭೇದವನ್ನು ಅವರು 1892ರಲ್ಲಿಯೇ ವಿವರಿಸಿದ್ದರು. ಇನ್ನೊಂದು ಪ್ರಭೇದವಾದ ಸ್ಟ್ರಾಟಿಯೋಲೆಲಾಪ್ಸ್ ಸಿಮಿಟಸ್ ಅನ್ನು 1956ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿ ವೊಮರ್ಸ್ಲಿ ವಿವರಿಸಿದರು.

ಇದರ ಹಿಂದೆ ಒಂದು ಸ್ವಾರಸ್ಯದ ಸಂಗತಿಯಿದೆ. ಯೂರೋಪ್ ಮತ್ತು ಉತ್ತರ ಅಮೆರಿಕದ ಹಸಿರುಮನೆಗಳಲ್ಲಿ ಈ ನುಸಿಯನ್ನು ಸಾಕಿ ಮಾರುವ ಉದ್ಯಮ 1990ರ ದಶಕದಲ್ಲಿ ಬೆಳೆಯಿತು. ಪೊಟ್ಟಣದ ಮೇಲೆ ಮೈಲ್ಸ್ ಎಂಬ ಹೆಸರೇ ಇರುತ್ತಿತ್ತು. 2003ರಲ್ಲಿ ವಾಲ್ಟರ್ ಮತ್ತು ಕ್ಯಾಂಪ್‌ಬೆಲ್ ಎಂಬ ವಿಜ್ಞಾನಿಗಳು ಕೂಲಂಕಷವಾಗಿ ಪರೀಕ್ಷಿಸಿ, ಮಾರಾಟವಾಗುತ್ತಿದ್ದ ನುಸಿ ಮೈಲ್ಸ್ ಅಲ್ಲ, ಸಿಮಿಟಸ್ ಎಂದು ತೋರಿಸಿದರು. ಬಿತ್ತನೆ ಬೀಜದ ತಳಿಯ ಹೆಸರು ತಪ್ಪಾದರೆ ಆಗುವ ಗೊಂದಲ ರೈತರಿಗೆ ಗೊತ್ತು. ಉಪಕಾರಿ ಜೀವಿಗಳ ವಿಷಯದಲ್ಲಿಯೂ ಅಷ್ಟೇ. ಒಂದು ಪ್ರಭೇದದ ಗುಣವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ರೂಪ: ಬೆಳೆದ ನುಸಿಯ ಉದ್ದ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು, ಅಂದರೆ ರಾಗಿ ಕಾಳಿನ ಅರ್ಧದಷ್ಟು. ಬಣ್ಣ ತಿಳಿಗಂದು. ಬೆನ್ನಿನ ಮೇಲೆ ಹನಿಯಾಕಾರದ ಗುರಾಣಿಯಂಥ ಹೊದಿಕೆ ಇರುತ್ತದೆ. ಇದಕ್ಕೆ ಕಣ್ಣುಗಳಿಲ್ಲ. ಮುಂದಿನ ಎರಡು ಕಾಲುಗಳನ್ನು ಎತ್ತಿ, ಕುರುಡ ಕೋಲಿನಿಂದ ದಾರಿ ತಡವುವಂತೆ, ಬೇಟೆಯನ್ನು ತಡವಿ ಹುಡುಕುತ್ತದೆ. ಬಾಯಿಯ ಮುಂದೆ ಏಡಿಯ ಕೊಂಡಿಯಂಥ ಎರಡು ಅಂಗಗಳಿವೆ. ಇವುಗಳಿಂದ ಬೇಟೆಯನ್ನು ಹಿಡಿದು ಸೀಳಿ, ಒಳಗಿನ ರಸವನ್ನು ಹೀರುತ್ತದೆ.

ವಾಸ: ತರಗಿನ ಕೆಳಪದರ ಮತ್ತು ಮಣ್ಣಿನ ಮೇಲಿನ 2-3 ಸೆಂ.ಮೀ. ಇದರ ಮುಖ್ಯ ವಾಸಸ್ಥಾನ. ಬೆಳಕನ್ನು ಸಹಿಸುವುದಿಲ್ಲ. ಗಿಡ ಹತ್ತಿ ಎಲೆಗಳ ಮೇಲೆ ಬೇಟೆಯಾಡುವುದಿಲ್ಲ. ಮಣ್ಣು ತೇವವಾಗಿರಬೇಕು, ಆದರೆ ನೀರು ನಿಲ್ಲಬಾರದು.

ಜೀವನಚಕ್ರ: ಮೊಟ್ಟೆ, ಆರು ಕಾಲಿನ ಮರಿ, ಎಂಟು ಕಾಲಿನ ಎರಡು ಮರಿ ಹಂತಗಳು, ಬಳಿಕ ಬೆಳೆದ ನುಸಿ. ಬೆಚ್ಚಗಿನ ಮಣ್ಣಿನಲ್ಲಿ ಇಡೀ ಚಕ್ರ ಸುಮಾರು ಎರಡು ವಾರದಲ್ಲಿ ಮುಗಿಯುತ್ತದೆ. ತಂಪು ಹೆಚ್ಚಿದಷ್ಟೂ ನಿಧಾನವಾಗುತ್ತದೆ. ಮಣ್ಣಿನ ಉಷ್ಣತೆ 10-12 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಚಟುವಟಿಕೆ ಬಹುತೇಕ ನಿಲ್ಲುತ್ತದೆ. ನಮ್ಮ ರಾಜ್ಯದ ಬಹುಭಾಗದಲ್ಲಿ ಅಷ್ಟು ಚಳಿ ಅಪರೂಪ. ಇಲ್ಲಿ ಮಣ್ಣಿನ ನುಸಿಗಳಿಗೆ ಕಂಟಕವಾಗುವುದು ಬೇಸಿಗೆಯ ಒಣ ಮಣ್ಣು ಮತ್ತು ಬೆತ್ತಲೆ ನೆಲದ ಕಾವು.

ಆಹಾರ: ಅಣಬೆ ನೊಣದ ಮೊಟ್ಟೆ ಮತ್ತು ಮರಿಹುಳು, ಮಣ್ಣಿಗಿಳಿದ ಥ್ರಿಪ್ಸ್ ಕೋಶಗಳು, ಸ್ಪ್ರಿಂಗ್‌ಟೇಲ್, ಜಂತುಹುಳು, ಗೆಡ್ಡೆಗಳನ್ನು ಕೊರೆಯುವ ಬಿಳಿ ನುಸಿಗಳು. ಬೇಟೆ ಸಿಗದಿದ್ದಾಗ ಕೆಲವು ವಾರಗಳವರೆಗೆ ಹೇಗೋ ಜೀವ ಹಿಡಿದುಕೊಂಡಿರಬಲ್ಲದು.

ಲೆಲಾಪಿಡೇ ಎಂಬ ಇದೇ ಕುಟುಂಬದ ನುಸಿಗಳು ನಮ್ಮ ಮಣ್ಣಿನಲ್ಲಿಯೂ ಇವೆ. ಅವುಗಳ ನೆಂಟರಾದ ಮ್ಯಾಕ್ರೋಕೀಲಿಸ್ ನುಸಿಗಳು ಸಗಣಿ, ತಿಪ್ಪೆಗಳಲ್ಲಿ ಬಾಳುತ್ತವೆ. ಇವು ಮನೆನೊಣದ ಮೊಟ್ಟೆಗಳನ್ನೂ ಎಳೆಯ ಹುಳುಗಳನ್ನೂ ತಿನ್ನುತ್ತವೆ. ಒಂದು ಸಗಣಿ ಗುಡ್ಡೆಯಿಂದ ಇನ್ನೊಂದಕ್ಕೆ ಹೋಗಲು ಆ ನೊಣದ ಮೈಗೇ ಅಂಟಿಕೊಂಡು ಸವಾರಿ ಮಾಡುತ್ತವೆ! ಮೂತಿಯುದ್ದದ ಕೆಂಪು ಬಣ್ಣದ ಬ್ಡೆಲ್ಲಿಡ್ ನುಸಿಗಳು ಇನ್ನೊಂದು ಪಂಗಡ. ಕುದುರೆಮೆಂತ್ಯದ ಎಲೆ ಕೆರೆಯುವ ಒಂದು ಜಾತಿಯ ಸ್ಪ್ರಿಂಗ್‌ಟೇಲ್ ಅನ್ನು ಈ ನುಸಿ ಹಿಡಿದು ತಿನ್ನುವುದನ್ನು ಪಶ್ಚಿಮ ಆಸ್ಟ್ರೇಲಿಯದಲ್ಲಿ 1930ರ ದಶಕದಲ್ಲಿಯೇ ಗುರುತಿಸಲಾಗಿತ್ತು.

ಬೆಳೆಗೆ ಇವುಗಳಿಂದ ಏನು ಉಪಯೋಗ?

1. ಅಣಬೆ ನೊಣ: ಒಂದು ಹೆಣ್ಣು ನೊಣ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ತೇವದ ಪುಡಿಯಲ್ಲಿಡುತ್ತದೆ. ಮರಿಹುಳುಗಳು ಬೂಷ್ಟನ್ನು ತಿನ್ನುವುದರ ಜೊತೆಗೆ ಎಳೆ ಬೇರುಗಳನ್ನೂ ತಿನ್ನುತ್ತವೆ. ಬೇರಿನ ಗಾಯದ ಮೂಲಕ ಸಸಿ ಕೊಳೆ ರೋಗ ಒಳಹೊಕ್ಕುತ್ತದೆ. ಈ ಮರಿಹುಳುಗಳ ಮೇಲೆ ಸ್ಟ್ರಾಟಿಯೋಲೆಲಾಪ್ಸ್ ಒಳ್ಳೆಯ ಹಿಡಿತ ಸಾಧಿಸುತ್ತದೆ. ಅಣಬೆ ಬೆಳೆಯುವ ಮನೆಗಳಲ್ಲಿಯೂ ಹೊರದೇಶಗಳಲ್ಲಿ ಇದನ್ನು ಬಳಸುತ್ತಾರೆ.

2. ಥ್ರಿಪ್ಸ್: ಹೆಚ್ಚಿನ ಜಾತಿಯ ಥ್ರಿಪ್ಸ್ ಮೊಟ್ಟೆಯನ್ನು ಎಲೆಯ ಒಳಗೆ ತೂರಿಸುತ್ತವೆ. ಮರಿಗಳು ಎಲೆ, ಹೂಗಳಲ್ಲಿ ರಸ ಹೀರಿ ಬೆಳೆದು, ಅನಂತರ ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಅಥವಾ ತರಗಿನಲ್ಲಿ ಕೆಲವು ದಿನ ಕೋಶಾವಸ್ಥೆಯಲ್ಲಿರುತ್ತವೆ. ಆಗ ಅವು ತಿನ್ನುವುದಿಲ್ಲ, ಹಾರಲಾರವು. ಎಲೆಗೆ ಹೊಡೆದ ಔಷಧಿ ಅವಕ್ಕೆ ತಟ್ಟುವುದಿಲ್ಲ. ಸಿಂಪರಣೆ ಮಾಡಿದ ಕೆಲವೇ ದಿನಗಳಲ್ಲಿ ಹೊಸ ಥ್ರಿಪ್ಸ್ ಕಾಣಿಸಿಕೊಳ್ಳಲು ಇದೂ ಒಂದು ಕಾರಣ. ತರಗಿನ ನುಸಿ ಬೇಟೆಯಾಡುವುದು ಈ ಹಂತದಲ್ಲಿಯೇ.

ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊರದೇಶದ ಕಪ್ಪು ಥ್ರಿಪ್ಸ್ ನಮ್ಮ ದೇಶದಲ್ಲಿ 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ವರದಿಯಾಯಿತು. 2021-22ರಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ರಾಜ್ಯದ ಮೆಣಸಿನಕಾಯಿ ಹೊಲಗಳನ್ನು ಹಾಳುಗೆಡವಿದ್ದು ಬೆಳೆಗಾರರಿಗೆ ನೆನಪಿದೆ. ಅಂಥ ಹಾವಳಿಯನ್ನು ತರಗಿನ ನುಸಿಗಳೊಂದೇ ತಡೆಯಬಲ್ಲವು ಎಂದು ಹೇಳುವುದು ಸರಿಯಲ್ಲ. ಬಯಲು ಹೊಲದಲ್ಲಿ ಥ್ರಿಪ್ಸ್ ಪಕ್ಕದ ಹೊಲದಿಂದ ಹಾರಿ ಬರುತ್ತಲೇ ಇರುತ್ತವೆ. ಹಸಿರುಮನೆಯೊಳಗೂ ನೆಲದ ನುಸಿ ಥ್ರಿಪ್ಸ್ ಸಂಖ್ಯೆಯ ಒಂದು ಭಾಗವನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ನಿರ್ಮೂಲ ಮಾಡುವುದಿಲ್ಲ. ಬೇರೆ ಕ್ರಮಗಳ ಜೊತೆಯಲ್ಲಿ ಇದೊಂದು ಹೆಗಲು ಎಂದು ತಿಳಿದರೆ ಸಾಕು.

3. ಗೆಡ್ಡೆಯ ಬಿಳಿ ನುಸಿ ಮತ್ತು ಜಂತುಹುಳು: ಹೂವಿನ ಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಕೊರೆಯುವ ನುಸಿಗಳನ್ನೂ, ಮಣ್ಣಿನ ಜಂತುಹುಳುಗಳನ್ನೂ ಇವು ತಿನ್ನುತ್ತವೆ. ಆದರೆ ಬೇರಿನೊಳಗೆ ಸೇರಿ ಗಂಟು ಕಟ್ಟಿಸಿದ ಜಂತುಹುಳು ಇವುಗಳ ಕೈಗೆ ಸಿಗದು.

ನೀವೇ ಮಾಡಿ ನೋಡಬಹುದಾದ ಪರೀಕ್ಷೆ

ನಿಮ್ಮ ತೋಟದಲ್ಲಿ ಬೇಟೆಗಾರ ನುಸಿಗಳಿವೆಯೇ? ಇದನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಬೆರ್ಲೀಸ್ 1905ರಲ್ಲಿ ಇದಕ್ಕಾಗಿ ಒಂದು ಆಲಿಕೆಯ ಸಾಧನವನ್ನು ರೂಪಿಸಿದರು. ಅನಂತರ ಸ್ವೀಡನ್ನಿನ ಟುಲ್‌ಗ್ರೆನ್ ಅದಕ್ಕೆ ವಿದ್ಯುತ್ ದೀಪವನ್ನು ಜೋಡಿಸಿದರು. ಅದರ ತತ್ವ ಸರಳ. ತರಗನ್ನು ಮೇಲಿನಿಂದ ಕಾಯಿಸಿದರೆ, ಬೆಳಕು ಮತ್ತು ಒಣಗಾಳಿಗೆ ಅಂಜಿದ ಜೀವಿಗಳು ಕೆಳಕ್ಕೆ ಇಳಿಯುತ್ತಾ ಬಂದು ಕೆಳಗಿಟ್ಟ ಪಾತ್ರೆಗೆ ಬೀಳುತ್ತವೆ. ಮನೆಯಲ್ಲಿ ಹೀಗೆ ಮಾಡಬಹುದು:

1. ಎರಡು ಲೀಟರಿನ ಖಾಲಿ ಪ್ಲಾಸ್ಟಿಕ್ ಸೀಸೆಯನ್ನು ಮೇಲಿನ ಮೂರನೇ ಒಂದು ಭಾಗಕ್ಕೆ ಅಡ್ಡಲಾಗಿ ಕತ್ತರಿಸಿ. ಮೇಲ್ಭಾಗವನ್ನು ಮುಚ್ಚಳ ತೆಗೆದು ತಲೆಕೆಳಗಾಗಿ ಕೆಳಭಾಗದೊಳಗೆ ಕೂರಿಸಿ. ಆಲಿಕೆ ಸಿದ್ಧವಾಯಿತು.

2. ಆಲಿಕೆಯ ಕಂಠದ ಮೇಲೆ ಸೊಳ್ಳೆ ಪರದೆಯ ತುಂಡನ್ನು ಹಾಸಿ.

3. ತೋಟದ ನೆರಳಿನ ಜಾಗದಿಂದ, ತರಗಿನ ಕೆಳಪದರವನ್ನು ಒಂದು ಸೆಂ.ಮೀ. ಮಣ್ಣಿನ ಸಮೇತ ಎರಡು ಹಿಡಿ ತಂದು ಪರದೆಯ ಮೇಲೆ ಸಡಿಲವಾಗಿ ಹರಡಿ. ಒತ್ತಬೇಡಿ.

4. ಕೆಳಗಿನ ಭಾಗದಲ್ಲಿ ಎರಡು ಚಮಚ ನೀರು ಹಾಕಿ, ಅದಕ್ಕೆ ಒಂದು ಹನಿ ಸೋಪಿನ ನೀರು ಬೆರೆಸಿ. ಜೀವಂತವಾಗಿ ನೋಡಬೇಕೆಂದರೆ ನೀರಿನ ಬದಲು ಒದ್ದೆ ಮಾಡಿದ ಕಾಗದವನ್ನಿಡಿ.

5. ತರಗಿನಿಂದ ಒಂದು ಗೇಣು ಎತ್ತರದಲ್ಲಿ 25 ಅಥವಾ 40 ವ್ಯಾಟಿನ ಹಳೆಯ ಮಾದರಿಯ ಬಿಸಿಯಾಗುವ ಬಲ್ಬನ್ನು ತೂಗುಹಾಕಿ. ಎಲ್‌ಇಡಿ ಬಲ್ಬಿನಿಂದ ಸಾಕಷ್ಟು ಕಾವು ಬರುವುದಿಲ್ಲ. ಬಲ್ಬು ಇಲ್ಲದಿದ್ದರೆ ಬಿಸಿಲಿನಲ್ಲಿಡಬಹುದು. ಬಲ್ಬು ತರಗಿಗೆ ತಾಗಿ ಬೆಂಕಿ ಹತ್ತದಂತೆ ಎಚ್ಚರ ವಹಿಸಬೇಕು.

6. ಎರಡು ಮೂರು ದಿನಗಳ ಬಳಿಕ ಕೆಳಗೆ ಬಿದ್ದುದನ್ನು ಬಿಳಿ ತಟ್ಟೆಗೆ ಸುರಿದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಿಂದ ನೋಡಿ.

ಜೀವಂತವಾಗಿ ನೋಡುವಾಗ ಗುರುತು ಹೀಗೆ: ಚಿಮ್ಮಿ ಹಾರಿದರೆ ಸ್ಪ್ರಿಂಗ್‌ಟೇಲ್. ಕಪ್ಪು ಅಥವಾ ಗಾಢ ಕಂದು ಮಣಿಯಂತೆ ಹೊಳೆಯುತ್ತಾ ನಿಧಾನವಾಗಿ ನಡೆದರೆ ಒರಿಬಾಟಿಡ್ ನುಸಿ. ಇದು ಗೊಬ್ಬರ ಮಾಡುವ ಕೂಲಿಗಾರ. ಬೆಳ್ಳಗೆ ಹನಿಯಂತೆ ಉಬ್ಬಿ ತೆವಳಿದರೆ ಕೊಳೆತದ್ದನ್ನು ಅಥವಾ ಗೆಡ್ಡೆಯನ್ನು ತಿನ್ನುವ ನುಸಿ. ತಿಳಿಗಂದು ಬಣ್ಣ, ಚಪ್ಪಟೆ ಮೈ, ಉದ್ದ ಕಾಲು, ಮುಂಗಾಲು ಎತ್ತಿ ಗಾಬರಿಯಾದಂತೆ ಓಡಾಟ, ಇಷ್ಟೂ ಇದ್ದರೆ ಅದು ಬೇಟೆಗಾರ ನುಸಿಯಿರಬೇಕು.

ಇದೇ ಪರೀಕ್ಷೆಯನ್ನು ತರಗು ಸುಟ್ಟ ಜಾಗದ ಮಣ್ಣಿನಲ್ಲಿಯೂ, ಹರಳು ಔಷಧಿ ಹಾಕಿದ ತಾಕಿನಲ್ಲಿಯೂ, ಮುಚ್ಚಿಗೆಯಿರುವ ಜಾಗದಲ್ಲಿಯೂ ಒಂದೇ ಅಳತೆಯಲ್ಲಿ ಮಾಡಿ ಹೋಲಿಸಿ. ನಾನು ಬರೆದುದಕ್ಕಿಂತ ನೀವು ಕಂಡದ್ದೇ ಹೆಚ್ಚು ಮನವರಿಕೆ ಮಾಡುವುದು.

ಬೇಸಾಯದಲ್ಲಿ ಅನುಸರಿಸಬೇಕಾದ ಕ್ರಮಗಳು

ಸುಡುವುದನ್ನು ಬಿಡಿ: ಉತ್ತರ ಕನ್ನಡ, ಶಿವಮೊಗ್ಗಗಳ ಅಡಿಕೆ ತೋಟಿಗರು ಸೊಪ್ಪಿನ ಬೆಟ್ಟದಿಂದ ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಮರದ ಬುಡಕ್ಕೆ ಹಾಕುವ ಪದ್ಧತಿ ತಲೆಮಾರುಗಳಿಂದ ಬಂದದ್ದು. ಗೊಬ್ಬರದ ಜೊತೆಗೆ ಮಣ್ಣಿನ ಜೀವಿಗಳ ಮನೆಯನ್ನೂ ಅವರು ಕಟ್ಟುತ್ತಿದ್ದರು. ಬಯಲುಸೀಮೆಯಲ್ಲಿ ಮಾವು, ತೆಂಗು, ಸಪೋಟ ತೋಟಗಳಲ್ಲಿ ಬಿದ್ದ ಎಲೆಯನ್ನು ರಾಶಿ ಮಾಡಿ ಸುಡುವುದು ಇನ್ನೂ ಕಾಣುತ್ತಿದೆ. ಆ ಎಲೆಯನ್ನು ಪಾತಿಯಲ್ಲಿ ಹರಡಿದರೆ ತೇವವೂ ಉಳಿಯುತ್ತದೆ, ಬೇಸಿಗೆಯಲ್ಲಿ ಬೇರೂ ತಂಪಾಗಿರುತ್ತದೆ.

ಮುಚ್ಚಿಗೆ ಹಾಕುವ ರೀತಿ: ಒಣ ಎಲೆಯನ್ನು 5ರಿಂದ 8 ಸೆಂ.ಮೀ. ದಪ್ಪಕ್ಕೆ ಹರಡಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡಿ. ತಾಗಿದರೆ ಬುಡ ಕೊಳೆಯುವ ಅಪಾಯವಿದೆ. ಗೆದ್ದಲಿನ ಕಾಟವಿರುವ ಕಡೆ ಪೂರ್ತಿ ಒಣಗಿದ ಎಲೆಗಿಂತ ಅರ್ಧ ಕಳಿತ ಸೊಪ್ಪು ಮೇಲು.

ಎಲ್ಲವನ್ನೂ ಕದಡಬೇಡಿ: ತೋಟದ ಇಡೀ ನೆಲವನ್ನು ಒಂದೇ ಸಲ ಅಗೆದರೆ ಅಥವಾ ಉತ್ತರೆ ಮೇಲ್ಪದರದ ಜೀವಿಗಳು ಬಿಸಿಲಿಗೆ ಸಿಕ್ಕಿ ಸಾಯುತ್ತವೆ. ಸಾಲು ಬಿಟ್ಟು ಸಾಲು ಅಗೆಯುವುದು, ಬದುಗಳ ಉದ್ದಕ್ಕೂ ಒಂದು ಪಟ್ಟಿಯನ್ನು ತರಗಿನ ಸಮೇತ ಹಾಗೆಯೇ ಉಳಿಸುವುದು ಒಳ್ಳೆಯದು. ಅಲ್ಲಿಂದ ನುಸಿಗಳು ಮೆಲ್ಲಗೆ ಹೊಲಕ್ಕೆ ಹರಡುತ್ತವೆ.

ಮಣ್ಣಿಗೆ ಹಾಕುವ ವಿಷದ ಬಗ್ಗೆ ಎಚ್ಚರ: ಹಿಂದೆ ಶುಂಠಿ, ಏಲಕ್ಕಿ, ಬಾಳೆ ಬೆಳೆಗಳಿಗೆ ಫೋರೇಟ್ ಹರಳನ್ನು ಧಾರಾಳವಾಗಿ ಹಾಕುತ್ತಿದ್ದರು. 2020ರ ಡಿಸೆಂಬರ್ 31ರಿಂದ ನಮ್ಮ ದೇಶದಲ್ಲಿ ಫೋರೇಟ್ ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಯಾರಾದರೂ ಕೊಟ್ಟರೂ ಬಳಸಬಾರದು. ಬೇರೆ ಕೀಟನಾಶಕಗಳನ್ನೂ ವಾಡಿಕೆಯೆಂದು ಮಣ್ಣಿಗೆ ಹುಯ್ಯದೆ, ಪೀಡೆಯಿದೆ ಎಂದು ಖಚಿತವಾದ ಮೇಲೆ, ಶಿಫಾರಸಿನಂತೆ, ಬೇಕಾದ ಜಾಗಕ್ಕೆ ಮಾತ್ರ ಬಳಸಬೇಕು.

ಸಸಿಮಡಿ ಮತ್ತು ನರ್ಸರಿಯಲ್ಲಿ: ಅಣಬೆ ನೊಣಕ್ಕೆ ಮೊದಲ ಮದ್ದು ನೀರು ಕಡಿಮೆ ಮಾಡುವುದು. ಪುಡಿಯ ಮೇಲ್ಪದರ ತುಸು ಒಣಗಿದ ಮೇಲೆಯೇ ನೀರು ಹಾಕಿ. ಹಳದಿ ಅಂಟು ಹಲಗೆಗಳನ್ನು ತಟ್ಟೆಗಳ ಮಟ್ಟದಲ್ಲಿಡಿ. ಆಲೂಗೆಡ್ಡೆಯ ಬಿಲ್ಲೆಗಳನ್ನು ಪುಡಿಯ ಮೇಲಿಟ್ಟು ಎರಡು ಮೂರು ದಿನಗಳ ನಂತರ ತಿರುವಿ ನೋಡಿದರೆ ಮರಿಹುಳುಗಳಿದ್ದರೆ ಅಡಿಯಲ್ಲಿ ಕಾಣುತ್ತವೆ. ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಜೈವಿಕ ಔಷಧಿ ಮರಿಹುಳುವನ್ನು ಕೊಲ್ಲುತ್ತದೆ, ನುಸಿಗೆ ತೊಂದರೆ ಮಾಡುವುದಿಲ್ಲ. ಕಾಡಿನ ಅಥವಾ ತೋಟದ ಹಸಿ ತರಗನ್ನು ತಂದು ಪ್ರೋಟ್ರೇಗೆ ಬೆರೆಸಬೇಡಿ. ನುಸಿಯ ಜೊತೆಗೆ ರೋಗವೂ ಬರಬಹುದು.

ಕೊಂಡು ಬಿಡುವ ನುಸಿ: ಹೊರದೇಶಗಳ ಹಸಿರುಮನೆಗಳಲ್ಲಿ ಸಾಮಾನ್ಯವಾಗಿ ಚದರ ಮೀಟರಿಗೆ 100ರಿಂದ 250 ನುಸಿಗಳನ್ನು, ಪೀಡೆ ಹೆಚ್ಚುವ ಮೊದಲೇ, ಮಣ್ಣಿನ ಮೇಲೆ ಉದುರಿಸುತ್ತಾರೆ. ಇವನ್ನು ನೋಡಿ ಯಾರೂ ಖಾಸಗಿಯಾಗಿ ಹೊರದೇಶದ ಪೊಟ್ಟಣ ತರಿಸಬಾರದು. ಉಪಕಾರಿ ಜೀವಿಗಳನ್ನು ಆಮದು ಮಾಡಲು 2003ರ ಸಸ್ಯ ಸಂಪರ್ಕ ನಿಷೇಧ ಆಜ್ಞೆಯ ಪ್ರಕಾರ ಅನುಮತಿ ಬೇಕು. ಈ ಬಗೆಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋವನ್ನು ಅಥವಾ ಕೃಷಿ ವಿಶ್ವವಿದ್ಯಾನಿಲಯವನ್ನು ವಿಚಾರಿಸಬೇಕು. ನಮ್ಮ ನೆಲದಲ್ಲಿಯೇ ಇರುವ ನುಸಿಗಳನ್ನು ಉಳಿಸಿಕೊಳ್ಳಲು ಯಾರ ಅನುಮತಿಯೂ ಬೇಡ, ಖರ್ಚೂ ಇಲ್ಲ.

ಯಾವ ತರಗನ್ನು ಉಳಿಸಬಾರದು?

ತರಗನ್ನು ಉಳಿಸಿ ಎಂದ ಮಾತ್ರಕ್ಕೆ ರೋಗದ ಕಸವನ್ನೂ ಉಳಿಸಿ ಎಂದಲ್ಲ. ಕೊಳೆರೋಗ ತಗುಲಿ ಉದುರಿದ ಅಡಿಕೆಯನ್ನು ಆರಿಸಿ ತೋಟದಿಂದ ಹೊರಗೆ ಹಾಕಬೇಕು. ಕಾಫಿಯಲ್ಲಿ ಕಾಯಿಕೊರಕ ಬಿದ್ದ ಹಣ್ಣುಗಳನ್ನು ನೆಲದಿಂದ ಆಯ್ದು ನಾಶ ಮಾಡಲೇಬೇಕು. ನಂಜುರೋಗದ ಗಿಡ, ಸೊರಗು ರೋಗದ ಗಿಡ, ಕೊಳೆತ ಶುಂಠಿ ಗೆಡ್ಡೆ ಇವುಗಳನ್ನು ಮುಚ್ಚಿಗೆಯಾಗಿ ಬಳಸಬಾರದು. ಇಂಥವನ್ನು ತೋಟದ ಹೊರಗೆ ಸುಟ್ಟರೆ ತಪ್ಪಲ್ಲ. ಆರೋಗ್ಯವಂತ ಮರದಿಂದ ಉದುರಿದ ಎಲೆಯನ್ನು ಸುಡುವುದು ತಪ್ಪು. ಈ ಎರಡರ ವ್ಯತ್ಯಾಸ ತಿಳಿದು ನಡೆಯಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ನುಸಿಗಳೆಲ್ಲ ಪೀಡೆಗಳಲ್ಲ. ತರಗಿನಲ್ಲಿ ಓಡಾಡುವ ತಿಳಿಗಂದು ನುಸಿ ಬೆಳೆಯ ಮಿತ್ರ.

2. ಬೇಟೆಗಾರ ನುಸಿಗೆ ನೆರಳು, ತೇವ ಮತ್ತು ವರ್ಷವಿಡೀ ಆಹಾರ ಬೇಕು. ಈ ಮೂರನ್ನೂ ತರಗು ಒದಗಿಸುತ್ತದೆ.

3. ಮಣ್ಣಿಗೆ ಹುಯ್ಯುವ ವಿಷ ಪೀಡೆಗಿಂತ ಮೊದಲು ಕಾವಲುಗಾರನನ್ನು ಮುಗಿಸಬಹುದು.

4. ನುಸಿ ಒಂದೇ ಎಲ್ಲ ಪೀಡೆಯನ್ನೂ ತಡೆಯದು. ನೀರಿನ ಹತೋಟಿ, ಅಂಟು ಹಲಗೆ, ಜೈವಿಕ ಔಷಧಿಗಳ ಜೊತೆಗೆ ಅದೂ ಒಂದು ಆಸರೆ.

5. ರೋಗ ತಗುಲಿದ ಕಸವನ್ನು ತೆಗೆಯಿರಿ. ಆರೋಗ್ಯದ ತರಗನ್ನು ಉಳಿಸಿ.

ಆ ನರ್ಸರಿಯ ರೈತರು ಅನಂತರ ನೀರನ್ನು ಹತೋಟಿಗೆ ತಂದು, ಔಷಧಿ ಹುಯ್ಯುವುದನ್ನು ನಿಲ್ಲಿಸಿ, ಹೊಸ ಪುಡಿಯಲ್ಲಿ ಮತ್ತೆ ಸಸಿ ಎಬ್ಬಿಸಿದರು. ಆ ಹಂಗಾಮಿನ ನಷ್ಟ ಮಾತ್ರ ಅವರಿಗೆ ತುಂಬಿ ಬರಲಿಲ್ಲ. ಮುಂದೊಮ್ಮೆ ಭೇಟಿಯಾದಾಗ, "ಯಜಮಾನರೇ, ನೊಣ ಹೇಗಿದೆ?" ಎಂದು ಕೇಳಿದೆ. "ಐತೆ ಸ್ವಾಮಿ, ಪೂರ್ತಿ ಹೋಗಿಲ್ಲ. ಆದ್ರೆ ಅದ್ನ ನೋಡ್ಕಳ್ಳೋರೂ ಅವ್ರೆ" ಎಂದರು. ಈ ಲೇಖನದ ಸಾರವನ್ನು ಅವರಿಗಿಂತ ಚೆನ್ನಾಗಿ ಹೇಳಲು ನನ್ನಿಂದಾಗದು.

ತರಗಿನ ಪರೀಕ್ಷೆ ಮಾಡಿದವರು ತಾವು ಕಂಡ ಜೀವಿಗಳನ್ನು ಸಣ್ಣ ಸೀಸೆಯಲ್ಲಿ ಹಾಕಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೆಗೆದುಕೊಂಡು ಹೋದರೆ ಗುರುತಿಸಲು ಸಹಾಯ ದೊರೆಯುತ್ತದೆ.